ಅಪ್ಪ ನನ್ನ ಹೆಸರು ಮರೆತಿದ್ದಾನೆ, ಭತ್ತದ ಹಸಿ ಮರೆತಿಲ್ಲ. ಹಾಗಾದರೆ ತಿಳಿಯುವ "ನಾನು" ಯಾರು?

ಕಾರಟಗಿ ಗದ್ದೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ತತ್ವಶಾಸ್ತ್ರದ್ದು, ಹುಟ್ಟಿದ್ದು ಮಾತ್ರ ನಮ್ಮ ಮನೆ ಅಂಗಳದಲ್ಲಿ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಮ್ಮಪ್ಪ ಮೂವತ್ತು ವರ್ಷಕ್ಕೂ ಜಾಸ್ತಿ ಒಂದು ರೈಸ್ ಮಿಲ್ಲಿನಲ್ಲಿ ಭತ್ತ ನೋಡಿ ತಗೊಳ್ಳುವ ಕೆಲಸ ಮಾಡಿದ. ಲಾರಿ ಬಂದು ನಿಂತ ಕೂಡಲೇ ಚೀಲಕ್ಕೆ ಕೊಳವೆ ಚುಚ್ಚುತ್ತಿದ್ದ. ಅಂಗೈಗೆ ಬಿದ್ದ ಭತ್ತ ಉಜ್ಜಿ, ಊದಿ, ಒಂದೇ ಒಂದು ಕಾಳನ್ನು ಮುಂದಿನ ಹಲ್ಲಿನ ನಡುವೆ ಇಟ್ಟು ಕಡಿಯುತ್ತಿದ್ದ. ಕಟ್ ಅಂತ ಮುರಿದರೆ ಒಣಗಿದೆ. ಮೆತ್ತಗೆ ಅಮುಕಿ ಚಪ್ಪಟೆಯಾದರೆ ಹಸಿ. ಇವೆರಡರ ನಡುವೆ ಇನ್ನೂ ಎಷ್ಟೋ ಸದ್ದುಗಳಿವೆ, ಅವು ಅವನಿಗೇ ಗೊತ್ತು. ಖರೀದಿ ಕೇಂದ್ರದಲ್ಲಿ ತೇವ ಶೇ. 17 ದಾಟಬಾರದು ಅಂತ ನಿಯಮ ಇದೆಯಲ್ಲ, ಅದನ್ನು ಅಪ್ಪ ಹಲ್ಲಿನಲ್ಲೇ ಅಳೆಯುತ್ತಿದ್ದ. ಮೀಟರ್ ಬಂದ ಮೇಲೂ ಮಾಲೀಕರು ಮೊದಲು ಅಪ್ಪನ ಮುಖ ನೋಡುತ್ತಿದ್ದರು.

ಈಗ ನಾಲ್ಕು ವರ್ಷದಿಂದ ಅಪ್ಪನಿಗೆ ಮರೆವಿನ ಕಾಯಿಲೆ. ಅವ್ವ ತೀರಿಕೊಂಡಿದ್ದು ನೆನಪಿಲ್ಲ, ದಿನಾ ಸಂಜೆ ಕೇಳುತ್ತಾನೆ. ಕಳೆದ ವಾರ ಅಂಗಳದಲ್ಲಿ ತಾಡಪಾಲು ಹಾಸಿ ಭತ್ತ ಹರವಿದ್ದೆ. ಅಪ್ಪ ಹೊರಗೆ ಬಂದು ನನ್ನನ್ನು ನೋಡಿ, "ಯಾರಪಾ ನೀನು? ಯಾವೂರು?" ಅಂದ. ನನಗೆ ಗಂಟಲು ಕಟ್ಟಿತು. ಉತ್ತರ ಕೊಡುವಷ್ಟರಲ್ಲಿ ಅವನು ಬಗ್ಗಿ ಒಂದು ಕಾಳು ಎತ್ತಿಕೊಂಡಿದ್ದ. ಕಡಿದ. ಉಗುಳಿದ. "ಇನ್ನಾ ಹಸಿ ಐತಿ. ಎರಡು ಬಿಸ್ಲು ಬೇಕು" ಅಂದ. ಪಕ್ಕದ ಮನೆಯಿಂದ ಮೀಟರ್ ತಂದು ನೋಡಿದೆ. 19 ತೋರಿಸಿತು.

ನಾನು ಪದವಿಯಲ್ಲಿ ತತ್ವಶಾಸ್ತ್ರ ಓದಿದವನು. ಆಗ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ತುಂಬ ಹಿಡಿಸಿದ್ದ. 1694ರಲ್ಲಿ ತನ್ನ ಪುಸ್ತಕದ ಎರಡನೇ ಮುದ್ರಣಕ್ಕೆ ಅವನೊಂದು ಅಧ್ಯಾಯ ಸೇರಿಸಿದ. ನನ್ನ ನೆನಪು ಎಲ್ಲಿವರೆಗೆ ಹಿಂದಕ್ಕೆ ಹೋಗುತ್ತದೋ ಅಲ್ಲಿವರೆಗೆ ನಾನು ಅದೇ ವ್ಯಕ್ತಿ ಅನ್ನುವುದು ಅವನ ವಾದ. ಪರೀಕ್ಷೆಯಲ್ಲಿ ಚೆಂದಾಗಿ ಬರೆದೆ. ಈಗ ಅದೇ ಮಾತು ಮನೆಯೊಳಗೆ ಬಂದು ನಿಂತಿದೆ. ಲಾಕ್ ಸರಿ ಅಂದರೆ ನಮ್ಮಪ್ಪ ಇಲ್ಲ ಅಂತಾಯ್ತು. ಹಾಗಾದರೆ ಭತ್ತ ಹಸಿ ಇದೆ ಅಂತ ತಿಳಿದವರು ಯಾರು?

ವಾರ್ಡ್ ನಂಬರ್ ಆರು:

ಅಣ್ಣಾ, ನಾನು ಬಳ್ಳಾರಿಯಲ್ಲಿ ನರ್ಸ್. ಓದುತ್ತಾ ಕಣ್ಣು ತುಂಬಿತು. ನನಗೆ ತತ್ವಶಾಸ್ತ್ರ ಅಷ್ಟು ಗೊತ್ತಿಲ್ಲ, ಆದರೆ ನಮ್ಮ ಓದಿನಲ್ಲಿ ಬಂದ ಒಬ್ಬ ರೋಗಿಯ ವಿಷಯ ಹೇಳುತ್ತೇನೆ. ಅಮೆರಿಕದ ಹೆನ್ರಿ ಮೊಲೈಸನ್. ಫಿಟ್ಸ್ ತಡೆಯಲಾಗದೆ 1953ರಲ್ಲಿ ಅವನಿಗೆ ಮಿದುಳಿನ ಆಪರೇಷನ್ ಮಾಡಿದರು. ಫಿಟ್ಸ್ ಕಡಿಮೆ ಆಯಿತು, ಆದರೆ ಹೊಸ ನೆನಪು ನಿಲ್ಲುವುದೇ ಬಿಟ್ಟಿತು. ಬ್ರೆಂಡಾ ಮಿಲ್ನರ್ ಅನ್ನುವ ವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ತಿದ್ದಲು ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆದರೆ ಪ್ರತಿ ಸಲವೂ ಅವನಿಗೆ ಅದು ಹೊಸ ಕೆಲಸವೇ. ಮೊದಲು ಮಾಡಿದ್ದು ನೆನಪೇ ಇಲ್ಲ.

ಅಂದರೆ ಹೆಸರು, ಘಟನೆ ನಿಲ್ಲುವ ಜಾಗ ಬೇರೆ, ಕೈಪಳಗಿದ ಕೆಲಸ ನಿಲ್ಲುವ ಜಾಗ ಬೇರೆ. ನಿಮ್ಮ ತಂದೆಯವರ ಹಲ್ಲು ಇನ್ನೂ ಕೆಲಸದಲ್ಲಿದೆ. ದಯವಿಟ್ಟು ಅವರ ಕೈಗೆ ಭತ್ತ ಕೊಡುತ್ತಾ ಇರಿ.

ಸಿಂಧನೂರು ಮೇಷ್ಟ್ರು:

ತಮ್ಮಾ, ಲಾಕ್‌ನನ್ನು ಅಷ್ಟು ಬೇಗ ಗಂಟು ಹಾಕಿಕೊಳ್ಳಬೇಡ. ಅವನಿಗೆ 1785ರಲ್ಲೇ ಥಾಮಸ್ ರೀಡ್ ಉತ್ತರ ಕೊಟ್ಟಿದ್ದಾನೆ. ಒಬ್ಬ ಹುಡುಗ ತೋಟದಲ್ಲಿ ಹಣ್ಣು ಕದ್ದು ಏಟು ತಿಂದ. ಬೆಳೆದು ಸೈನ್ಯಕ್ಕೆ ಸೇರಿ ಶತ್ರುವಿನ ಬಾವುಟ ಕಿತ್ತುಕೊಂಡ. ಆಗ ಏಟು ತಿಂದಿದ್ದು ನೆನಪಿತ್ತು. ಮುದುಕನಾಗಿ ಜನರಲ್ ಆದ. ಈಗ ಬಾವುಟ ನೆನಪಿದೆ, ಏಟು ಮರೆತಿದೆ. ಲಾಕ್ ಪ್ರಕಾರ ಜನರಲ್ ಮತ್ತು ಸೈನಿಕ ಒಬ್ಬನೇ, ಸೈನಿಕ ಮತ್ತು ಹುಡುಗ ಒಬ್ಬನೇ, ಆದರೆ ಜನರಲ್ ಮತ್ತು ಹುಡುಗ ಬೇರೆ ಬೇರೆ! ಲೆಕ್ಕ ಕೂಡುವುದಿಲ್ಲ. ನೆನಪು ನಾನು ಅದೇ ಮನುಷ್ಯ ಅನ್ನುವುದಕ್ಕೆ ಸಾಕ್ಷಿ ಹೇಳಬಹುದು. ಆ ಮನುಷ್ಯನನ್ನು ನೆನಪೇ ಹುಟ್ಟಿಸುವುದಿಲ್ಲ.

ಇನ್ನೊಂದು ಮಾತು. ಸಾಕ್ರಟಿಸ್ ತನಗಿಂತ ಬಲ್ಲವರು ಯಾರಿದ್ದಾರೆ ಅಂತ ಅಥೆನ್ಸ್ ಊರೆಲ್ಲ ಹುಡುಕಿಕೊಂಡು ಹೋದ. ರಾಜಕಾರಣಿಗಳ ಹತ್ತಿರ ಸಿಗಲಿಲ್ಲ, ಕವಿಗಳ ಹತ್ತಿರ ಸಿಗಲಿಲ್ಲ. ಕೈಕಸುಬಿನವರಿಗೆ ಮಾತ್ರ ಅವರ ಕೆಲಸ ನಿಜವಾಗಿ ಗೊತ್ತಿದೆ ಅಂತ ಒಪ್ಪಿಕೊಂಡ. ಆ ಕೆಲಸ ಬಲ್ಲೆವು ಅಂತ ಎಲ್ಲವನ್ನೂ ಬಲ್ಲೆವು ಅಂದುಕೊಂಡಿದ್ದಾರೆ ಅನ್ನುವುದು ಅವನ ದೂರು. ಆದರೆ ಮುಂದೆ ಬಂದವರು ಈ ಒಪ್ಪಿಕೊಂಡ ಭಾಗವನ್ನೇ ಬಿಟ್ಟುಬಿಟ್ಟರು. ಬಾಯಲ್ಲಿ ವಿವರಿಸಿ ಹೇಳಿದರೆ ಮಾತ್ರ ಜ್ಞಾನ ಅಂತಾಯ್ತು. "ಇಂಥದ್ದು ಹೀಗಿದೆ" ಅನ್ನುವ ತಿಳಿವು ಬೇರೆ, "ಹೀಗೆ ಮಾಡಬೇಕು" ಅನ್ನುವ ತಿಳಿವು ಬೇರೆ ಅಂತ ಗಿಲ್ಬರ್ಟ್ ರೈಲ್ 1949ರಲ್ಲಿ ಜೋರಾಗಿ ವಾದ ಮಾಡಬೇಕಾಯಿತು. ಹಲ್ಲಿನಲ್ಲಿ ತೇವ ಅಳೆಯುವವರು ನಮ್ಮ ಕಡೆ ಎಷ್ಟು ಜನ ಇದ್ದರು. ಅವರನ್ನು ನಾವು "ಓದಿಲ್ಲದವರು" ಅಂತ ಕರೆದೆವು. ಈ ಬೇಜಾರು ನನಗೆ ಮೇಷ್ಟ್ರಾಗಿದ್ದಾಗಿನಿಂದ ಇದೆ.

ರಾತ್ರಿ ಪಾಳಿ, ರಾಯಚೂರು:

ಸಮಾಧಾನ ಹೇಳುವುದು ಒಳ್ಳೆಯದೇ. ಆದರೆ ನಾವು ಸತ್ಯವನ್ನೂ ನೋಡಬೇಕಲ್ವಾ? ತತ್ವಜ್ಞಾನಿ ಡೇವಿಡ್ ಹ್ಯೂಮ್ 1739ರಲ್ಲಿ ಹೇಳಿದ್ದನ್ನು ಮನೆಯಲ್ಲೇ ಮಾಡಿ ನೋಡಿ. ಕಣ್ಣು ಮುಚ್ಚಿ ಒಳಗೆ "ನಾನು" ಎಲ್ಲಿದ್ದೇನೆ ಅಂತ ಹುಡುಕಿ. ಸೆಕೆ ಸಿಗುತ್ತದೆ, ಹಸಿವು ಸಿಗುತ್ತದೆ, ನಾಳೆಯ ಚಿಂತೆ ಸಿಗುತ್ತದೆ. ಅವುಗಳ ಹಿಂದೆ ಕುಳಿತ ಯಜಮಾನ ಮಾತ್ರ ಸಿಗುವುದಿಲ್ಲ. ಅನಿಸಿಕೆಗಳ ಒಂದು ಕಂತೆ, ಅಷ್ಟೇ. ನಮ್ಮಲ್ಲೂ ದೇಹ ಬಿಟ್ಟು ಬೇರೆ ಆತ್ಮ ಇಲ್ಲ ಅನ್ನುವ ಚಾರ್ವಾಕರು ಅದಕ್ಕಿಂತ ಬಹಳ ಹಿಂದೆಯೇ ಹೇಳಿದ್ದರು. ಮಣ್ಣು, ನೀರು, ಬೆಂಕಿ, ಗಾಳಿ ಅನ್ನುವ ನಾಲ್ಕು ಭೂತ ಸೇರಿದಾಗ ಅರಿವು ಹುಟ್ಟುತ್ತದೆ, ಹುಳಿ ಬಂದಾಗ ಹೆಂಡದಲ್ಲಿ ಅಮಲು ಹುಟ್ಟುವ ಹಾಗೆ. ಮಡಕೆ ಒಡೆದರೆ ಅಮಲೂ ಹೋಯಿತು.

ನಾನು ಇದನ್ನು ಕಟುವಾಗಿ ಹೇಳುತ್ತಿಲ್ಲ. ನಮ್ಮಜ್ಜಿಯೂ ಹೀಗೇ ಹೋದರು. ಒಂದೊಂದೇ ಎಳೆ ಬಿಚ್ಚಿಕೊಂಡವು. ಕಡೆಗೆ ಉಳಿದದ್ದು ಬೆರಳಿನಿಂದ ಸೀರೆ ಸೆರಗು ಮಡಚುವುದು ಒಂದೇ. ಸೆರಗು ಮಡಚುವ ಬೆರಳನ್ನು "ಅಜ್ಜಿ" ಅಂತ ಕರೆಯಲು ನನಗೆ ಆಗಲಿಲ್ಲ.

ಗವಿಮಠದ ತೇರು:

ರಾತ್ರಿ ಪಾಳಿಯವರೇ, ನಿಮ್ಮ ಮಾತು ಅರ್ಧ ದಾರಿಗೆ ನಿಂತಿತು. ಬೌದ್ಧರೂ ಯಜಮಾನ ಸಿಗುವುದಿಲ್ಲ ಅಂದರು. ಆದರೆ "ಅಷ್ಟೇ" ಅನ್ನಲಿಲ್ಲ.

ನಾನು ಕೊಪ್ಪಳದವನು. ಜನವರಿಯಲ್ಲಿ ಗವಿಸಿದ್ಧೇಶ್ವರನ ತೇರು ಎಳೆಯುವಾಗ ಪ್ರತಿ ವರ್ಷ ನನಗೆ ನಾಗಸೇನ ನೆನಪಾಗುತ್ತಾನೆ. ಗ್ರೀಕ್ ರಾಜ ಮಿಲಿಂದ ರಥದಲ್ಲಿ ಬಂದಿದ್ದ. ಭಿಕ್ಷು ನಾಗಸೇನ ಕೇಳಿದ: ಗಾಲಿ ರಥವೇ? ಅಲ್ಲ. ಅಚ್ಚು ರಥವೇ? ಅಲ್ಲ. ನೊಗ? ಅಲ್ಲ. ಹಾಗಾದರೆ ರಥ ಎಲ್ಲಿದೆ? ಇವೆಲ್ಲ ಹೊಂದಿಕೊಂಡು ನಿಂತಾಗ "ರಥ" ಅನ್ನುವ ಹೆಸರು ಬರುತ್ತದೆ. ನಾಗಸೇನ ಅನ್ನುವುದೂ ಹಾಗೇ ಒಂದು ಹೆಸರು. ಇದನ್ನು ಕೇಳಿ ರಥ ಸುಳ್ಳು ಅಂದುಕೊಳ್ಳುವುದು ತಪ್ಪು. ರಾಜ ಅದರಲ್ಲಿ ಕುಳಿತೇ ಬಂದಿದ್ದನಲ್ಲ! ತೇರನ್ನೂ ಎಳೆಯುವುದು ನಿಜ, ಉತ್ತತ್ತಿ ಎಸೆಯುವುದು ನಿಜ, ಹಗ್ಗ ಹಿಡಿದ ಅಂಗೈ ಉರಿಯುವುದು ನಿಜ.

ಅದೇ ಗವಿಮಠದ ಗುಡ್ಡದ ಬಂಡೆ ಮೇಲೆ ಅಶೋಕನ ಶಾಸನ ಇದೆ. ಎರಡೂವರೆ ವರ್ಷದಿಂದ ಬುದ್ಧನ ಉಪಾಸಕನಾಗಿದ್ದೇನೆ, ಮೊದಲ ಒಂದು ವರ್ಷ ಅಷ್ಟು ಶ್ರದ್ಧೆ ಇರಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಶ್ರಮ ಪಡುತ್ತಿದ್ದೇನೆ ಅನ್ನುತ್ತಾನೆ. ಇದನ್ನು ಓದಿದಾಗೆಲ್ಲ ನನಗೆ ರೋಮಾಂಚನ. ನಿನ್ನೆಯ ನಾನು ಬೇರೆ, ಇವತ್ತಿನ ನಾನು ಬೇರೆ ಅಂತ ಒಬ್ಬ ಚಕ್ರವರ್ತಿ ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಬದಲಾಗದ ನಾನು ಒಬ್ಬ ಇದ್ದರೆ ಬದಲಾಗುವುದು ಯಾರು? ಕಾರಟಗಿಯ ಅಣ್ಣನ ತಂದೆಯವರು ಹರಿಯುತ್ತಿರುವ ನೀರು. ಹರಿವು ನಿಂತಿಲ್ಲ.

ಮಸ್ಕಿ ಬಂಡೆ:

ಶಾಸನದ ಮಾತು ಬಂದಿದ್ದರಿಂದ ಸುಮ್ನೆ ಇರಲಾಗಲಿಲ್ಲ. ನಮ್ಮೂರಿನ ಬಂಡೆಯಲ್ಲಿ "ಅಶೋಕ" ಅನ್ನುವ ಹೆಸರೇ ಇದೆ. 1915ರಲ್ಲಿ ಚಿನ್ನ ಹುಡುಕುತ್ತಾ ಬಂದ ಬೀಡನ್ ಅನ್ನುವ ಗಣಿ ಎಂಜಿನಿಯರ್ ಅದನ್ನು ಕಂಡ. ಅಲ್ಲಿವರೆಗೆ ಸಿಕ್ಕಿದ್ದ ಶಾಸನಗಳಲ್ಲಿ "ದೇವಾನಾಂಪ್ರಿಯ" ಅಂತ ಬಿರುದು ಇತ್ತು. ಅವನು ಅಶೋಕನೇ ಅಂತ ವಿದ್ವಾಂಸರು ಬೇರೆ ಗ್ರಂಥಗಳಿಂದ ಊಹಿಸಿದ್ದರು. ನಮ್ಮ ಬಂಡೆ ಸಿಕ್ಕ ಮೇಲೆ ಊಹೆ ಗಟ್ಟಿಯಾಯಿತು. ಆಮೇಲೆ ಬಳ್ಳಾರಿ ಕಡೆ ನಿಟ್ಟೂರು, ಉಡೇಗೋಳದಲ್ಲೂ ಹೆಸರು ಸಿಕ್ಕಿತು.

ಇಲ್ಲಿ ನೋಡಿ, ಹೊಸ ರಾಜ ಯಾರೂ ಹುಟ್ಟಲಿಲ್ಲ. "ಅವನೇ ಇವನು" ಅನ್ನುವ ಅರಿವು ಮಾತ್ರ ಹುಟ್ಟಿತು. ನಮ್ಮವರು ಇದಕ್ಕೆ ಪ್ರತ್ಯಭಿಜ್ಞೆ ಅಂತಾರೆ. "ಅವನೇ ಈ ದೇವದತ್ತ" ಅನ್ನುವುದು ವೇದಾಂತದವರ ಹಳೆಯ ಉದಾಹರಣೆ. ಅಂದು ಅಲ್ಲಿ ಕಂಡವನು, ಇಂದು ಇಲ್ಲಿ ಕಂಡವನು. ಅಂದು, ಇಂದು, ಅಲ್ಲಿ, ಇಲ್ಲಿ ಎಲ್ಲ ಕಳೆಯಿರಿ. ಉಳಿಯುವವನು ಒಬ್ಬನೇ. ಅಣ್ಣಾ, ನಿಮ್ಮಪ್ಪನಿಗೆ ನಿಮ್ಮನ್ನು "ಅವನೇ ಇವನು" ಅಂತ ಹೇಳಲು ಆಗುತ್ತಿಲ್ಲ. ಆದರೆ ನಿಮಗೆ ಆಗುತ್ತಿದೆಯಲ್ಲ. ಆ ಕೆಲಸ ಈಗ ನಿಮ್ಮ ಪಾಲಿಗೆ ಬಂದಿದೆ.

ಕಾರಟಗಿ ಗದ್ದೆ:

ಮಸ್ಕಿಯವರೇ, ಈ ಕೊನೆಯ ಮಾತು ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಕುಳಿತೆ.

ರಾತ್ರಿ ಪಾಳಿಯವರಿಗೆ: ಸೆರಗು ಮಡಚುವ ಬೆರಳು ಅಜ್ಜಿಯಲ್ಲ ಅಂದಿರಿ. ನನಗೆ ಹಾಗನಿಸುವುದಿಲ್ಲ. ಅಪ್ಪನ ಹೆಸರು ಅವನಿಗೆ ಬೇರೆಯವರು ಇಟ್ಟಿದ್ದು. ಆಧಾರ್ ಕಾರ್ಡಿನ ಹುಟ್ಟಿದ ದಿನ ಶಾಲೆಯವರು ಬರೆದಿದ್ದು. ಭತ್ತ ಕಡಿಯುವುದನ್ನು ಮಾತ್ರ ಅವನು ಸ್ವತಃ ಸಂಪಾದಿಸಿದ್ದು. ನಾಲ್ಕು ವರ್ಷ ನಾನು ನೆನಪನ್ನೇ ಅರಿವು ಅಂದುಕೊಂಡಿದ್ದೆ. ಡಾಕ್ಟರ್ ಬಳಿ ಹೋದಾಗೆಲ್ಲ "ಇವತ್ತು ಯಾವ ವಾರ? ಮಗನ ಹೆಸರೇನು?" ಅಂತ ಕೇಳುತ್ತಾರೆ. ಅಪ್ಪ ತಲೆ ತಗ್ಗಿಸುತ್ತಾನೆ. ಒಬ್ಬರೂ ಅವನ ಕೈಗೆ ಒಂದು ಹಿಡಿ ಭತ್ತ ಕೊಟ್ಟು ಕೇಳಲಿಲ್ಲ. ನಾನೂ ಕೊಟ್ಟಿರಲಿಲ್ಲ.

ಕಾಲುವೆ ಕೊನೆ:

ನಾನು ಸಿರವಾರ ಕಡೆಯವನು, ಎಡದಂಡೆ ಕಾಲುವೆಯ ಕೊನೆ ಭಾಗದ ರೈತ. ಒಂದು ಸಂಶಯ. ಅಪ್ಪ ಹೇಳಿದ್ದು ಸರಿಯಾಯಿತು ಅಂದ ಮಾತ್ರಕ್ಕೆ ಅದು ಜ್ಞಾನವೇ? ನಮ್ಮ ಕಡೆ ನೀರು ಬಿಟ್ಟಿದ್ದಾರೆ ಅಂತ ವಾಟ್ಸಾಪಿನಲ್ಲಿ ಹಳೆಯ ವಿಡಿಯೊ ಬರುತ್ತದೆ. ನಂಬಿ ಓಡುತ್ತೇವೆ. ಅವತ್ತೇ ನಿಜವಾಗಿ ನೀರು ಬಂದಿರುತ್ತದೆ. ನನಗೆ ನೀರು ಬಂದಿದ್ದು ಗೊತ್ತಿತ್ತೋ, ಅದೃಷ್ಟವೋ?

ಸಿಂಧನೂರು ಮೇಷ್ಟ್ರು:

ಭಲೇ! ಎಡ್ಮಂಡ್ ಗೆಟ್ಟಿಯರ್ 1963ರಲ್ಲಿ ಮೂರೇ ಪುಟದ ಲೇಖನದಲ್ಲಿ ಎತ್ತಿದ ಪ್ರಶ್ನೆ ಇದೇ. ಅದಕ್ಕೂ ಸಾವಿರ ವರ್ಷಕ್ಕಿಂತ ಹಿಂದೆ ನಮ್ಮ ಬೌದ್ಧ ಪಂಡಿತ ಧರ್ಮೋತ್ತರ ಇಂಥದ್ದೇ ಉದಾಹರಣೆ ಕೊಟ್ಟಿದ್ದ. ಬಾಯಾರಿದವನು ಬಿಸಿಲ್ಗುದುರೆ ನೋಡಿ ನೀರು ಅಂದುಕೊಂಡು ಹೋಗುತ್ತಾನೆ. ಅಲ್ಲಿ ಬೇರೆ ಕಡೆ ಮರೆಯಲ್ಲಿ ನೀರು ಇರುತ್ತದೆ. ನಂಬಿಕೆ ನಿಜವಾಯಿತು, ಆದರೆ ನಂಬಿಕೆ ಹುಟ್ಟಿದ್ದು ನೀರಿನಿಂದಲ್ಲ. ಹಳೆಯ ವಿಡಿಯೊ ಅಂದರೆ ಬಿಸಿಲ್ಗುದುರೆ. ಈ ಅಪ್ಪನ ಮಾತು ಹಾಗಲ್ಲ. ಕಾಳಿನೊಳಗಿನ ತೇವವೇ ಹಲ್ಲಿಗೆ ತಾಗಿ ಮಾತಾಗಿ ಬಂತು. ನೂರು ಸಲ ಕೊಟ್ಟರೆ ನೂರು ಸಲವೂ ಅದೇ ದಾರಿಯಲ್ಲಿ ಬರುತ್ತದೆ.

ಸೊಸೆ, ಕುಷ್ಟಗಿ:

ನಮ್ಮ ಅತ್ತೆಯವರಿಗೂ ಇದೇ ಕಾಯಿಲೆ. ನನ್ನ ಹೆಸರು ಗೊತ್ತಿಲ್ಲ. ಆದರೆ ನಾನು ತಲೆ ಬಾಚಿದರೆ ಸುಮ್ನೆ ಕೂರುತ್ತಾರೆ, ಬೇರೆಯವರು ಬಂದರೆ ಬಾಚಣಿಗೆ ತಳ್ಳುತ್ತಾರೆ. ಇದು ಅರಿವಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಕೊಪಣ:

ಕೊಪ್ಪಳದ ಹಳೆಯ ಹೆಸರು ಕೊಪಣ. ಜೈನರಿಗೆ ದೊಡ್ಡ ತೀರ್ಥವಾಗಿತ್ತು. ಜೈನರ ಮಾತು ಇಲ್ಲಿ ಬರಲೇಬೇಕು. ಅರಿವು ಆತ್ಮಕ್ಕೆ ಹೊರಗಿನಿಂದ ಬಂದು ಸೇರುವ ವಸ್ತುವಲ್ಲ, ಅದರ ಸ್ವಭಾವವೇ ಅರಿವು. ಸೂರ್ಯನಿಗೆ ಮೋಡ ಮುಚ್ಚಿದ ಹಾಗೆ ಕರ್ಮ ಮುಚ್ಚುತ್ತದೆ. ಅದಕ್ಕೆ ಜ್ಞಾನಾವರಣೀಯ ಅಂತ ಹೆಸರೇ ಇದೆ. ಎಷ್ಟೇ ದಟ್ಟ ಮೋಡ ಇದ್ದರೂ ಹಗಲು ರಾತ್ರಿಯಾಗುವುದಿಲ್ಲ. ಸ್ವಲ್ಪ ಬೆಳಕು ಸೋರುತ್ತಲೇ ಇರುತ್ತದೆ. ನ್ಯಾಯದರ್ಶನದವರು ಇದನ್ನು ಒಪ್ಪುವುದಿಲ್ಲ. ಅವರಿಗೆ ಅರಿವು ಆತ್ಮದ ಒಂದು ಗುಣ ಮಾತ್ರ, ಬರುತ್ತದೆ ಹೋಗುತ್ತದೆ. ಅರಿವು ಹೋದರೂ ಆತ್ಮ ಇರುತ್ತದೆ, ಹಳೆಯ ಸಂಸ್ಕಾರ, ಅಂದರೆ ಹಿಂದಿನ ಅನುಭವದ ಅಚ್ಚು, ಅದರಲ್ಲಿ ಅಂಟಿಕೊಂಡಿರುತ್ತದೆ ಅನ್ನುತ್ತಾರೆ. ಬೇರೆಯವರು ಹುಳಿ ಹಣ್ಣು ತಿನ್ನುವುದನ್ನು ನೋಡಿದರೆ ನಮ್ಮ ಬಾಯಲ್ಲಿ ನೀರೂರುತ್ತದಲ್ಲ, ನೋಡಿದ ಕಣ್ಣು ಬೇರೆ, ನೀರೂರಿದ ನಾಲಿಗೆ ಬೇರೆ, ಎರಡನ್ನೂ ಕೂಡಿಸುವವನು ಒಬ್ಬ ಇರಲೇಬೇಕು ಅನ್ನುವುದು ಅವರ ವಾದ. ಹಲ್ಲಿನ ಸದ್ದನ್ನು "ಎರಡು ಬಿಸ್ಲು" ಅನ್ನುವ ಮಾತಿಗೆ ಕೂಡಿಸಿದವನು ಅವನೇ.

ಆನೆಗೊಂದಿ ಹರಗೋಲು:

ತಡವಾಗಿ ಬಂದೆ, ಕ್ಷಮಿಸಿ. ನಮ್ಮೂರಿನ ನಡುಗಡ್ಡೆಯಲ್ಲಿ ನವ ಬೃಂದಾವನ ಇದೆ. ಅಲ್ಲಿ 1539ರಲ್ಲಿ ತೀರಿಕೊಂಡ ವ್ಯಾಸರಾಯರ ಬೃಂದಾವನ. ದ್ವೈತದವರ ಒಂದು ಮಾತು ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮಧ್ವರು ಸಾಕ್ಷಿ ಅನ್ನುತ್ತಾರೆ. ಅದು ಕಣ್ಣು ಕಿವಿಯ ಹಾಗೆ ಬೇರೆ ಇಂದ್ರಿಯ ಅಲ್ಲ, ಆತ್ಮವೇ ತನಗೆ ತಾನು ಇಂದ್ರಿಯ. ಸುಖ, ದುಃಖ, ಕಾಲ, "ನಾನು" ಇವು ಸಾಕ್ಷಿಗೆ ನೇರವಾಗಿ ಗೊತ್ತು. ಕಣ್ಣು ಮೋಸ ಹೋಗಬಹುದು, ಹಗ್ಗ ಹಾವಾಗಿ ಕಾಣಬಹುದು. ಆದರೆ ನನಗೆ ನೋವಾಗುತ್ತಿದೆ ಅನ್ನುವುದರಲ್ಲಿ ತಪ್ಪುವುದಿಲ್ಲ. ಮತ್ತೆ, ಪ್ರತಿ ಜೀವವೂ ಬೇರೆ, ತನ್ನದೇ ಆದ ವಿಶೇಷ ಇರುವಂಥದ್ದು. ಶಂಕರರ ಅದ್ವೈತದಲ್ಲಿ ಕಾಯಿಲೆ ದೇಹಕ್ಕೆ, ಬುದ್ಧಿಗೆ. ಆತ್ಮಕ್ಕೆ ಅಲ್ಲ. ಅದೂ ದೊಡ್ಡ ಮಾತು. ಆದರೆ ಆ ಆತ್ಮದಲ್ಲಿ "ನಮ್ಮಪ್ಪ" ಅಂತ ಬೇರೆ ಇರುವುದಿಲ್ಲ. ನನಗೆ ನಮ್ಮಪ್ಪನೇ ಬೇಕು, ಅದಕ್ಕೇ ಮಧ್ವರ ಕಡೆ ವಾಲುತ್ತೇನೆ.

ವ್ಯಾಸರಾಯರ ಸಭೆಯ ಕಥೆ ಎಲ್ಲರಿಗೂ ಗೊತ್ತು. ವೈಕುಂಠಕ್ಕೆ ಯಾರು ಹೋಗುತ್ತಾರೆ ಅಂದಾಗ ಕನಕದಾಸರು "ನಾನು ಹೋದರೆ ಹೋದೇನು" ಅಂದರಂತೆ. ಅಹಂಕಾರದ "ನಾನು" ಹೋಗಬೇಕು, ಹೋಗುವ ಒಬ್ಬ "ನಾನು" ಉಳಿಯಲೂ ಬೇಕು. ಎರಡು "ನಾನು" ಒಂದೇ ವಾಕ್ಯದಲ್ಲಿವೆ. ಅಣ್ಣಾ, ಒಂದು ಕೇಳಿಕೊಳ್ಳುತ್ತೇನೆ. ಇನ್ನೊಮ್ಮೆ ಅಪ್ಪ ಕಾಳು ಕಡಿದಾಗ, "ನಿನಗೆ ಹೇಗೆ ಗೊತ್ತಾಯಿತು" ಅಂತ ಕೇಳಿ ನೋಡಿ.

ರಾತ್ರಿ ಪಾಳಿ, ರಾಯಚೂರು:

ಕೇಳಿದ ಮೇಲೆ ಇಲ್ಲಿ ಬರೆಯಿರಿ ಅಣ್ಣಾ. ನಾನು ಕಾಯುತ್ತಿರುತ್ತೇನೆ. ಕುಷ್ಟಗಿಯ ಅಕ್ಕನ ಬಾಚಣಿಗೆ ವಿಷಯ ಓದಿದಾಗಿನಿಂದ ನಮ್ಮಜ್ಜಿಯ ಬೆರಳು ಕಣ್ಣ ಮುಂದೆ ಬರುತ್ತಿದೆ.

ಕಾರಟಗಿ ಗದ್ದೆ:

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಇವತ್ತು ಮಧ್ಯಾಹ್ನ ಊಟ ಆದ ಮೇಲೆ ಅಪ್ಪನನ್ನು ತಾಡಪಾಲಿನ ಅಂಚಿಗೆ ಕುರ್ಚಿ ಹಾಕಿ ಕೂರಿಸಿದೆ. ಒಂದು ಹಿಡಿ ಭತ್ತ ಅಂಗೈಗೆ ಹಾಕಿದೆ. ಉಜ್ಜಿದ, ಊದಿದ, ಒಂದು ಕಾಳು ಆರಿಸಿ ಕಡಿದ. ನನಗೂ ಕೇಳಿಸಿತು, ಕಟ್ ಅಂತ.

"ಆತು. ತುಂಬ್ರಿ" ಅಂದ.

"ಹೆಂಗ ಗೊತ್ತಾತು ಯಪ್ಪಾ?" ಅಂದೆ.

"ಹಲ್ಲಿಗೆ ಗೊತ್ತಾಕ್ಕೈತಿ."

"ಹಲ್ಲು ಯಾರ್ದು?"

ನನ್ನ ಮುಖ ನೋಡಿದ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ನಂದ, ಮತ್ಯಾರ್ದು?" ಅಂದ.

ಹೆಸರು ಕೇಳಿದೆ, ಹೇಳಲಿಲ್ಲ. ಕೇಳಬಾರದಿತ್ತು. ಕೈಯಲ್ಲಿದ್ದ ಭತ್ತದಲ್ಲೇ ಇನ್ನೊಂದು ಕಾಳು ಆರಿಸಿ ನನ್ನ ಕಡೆ ಚಾಚಿದ. "ನೀ ಕಡದು ನೋಡು" ಅಂದ. ಕಡಿದೆ. ನನಗೆ ಏನೂ ತಿಳಿಯಲಿಲ್ಲ, ಹಾಗೇ ಹೇಳಿದೆ. "ಕಿವಿಲೆ ಕೇಳಬ್ಯಾಡ, ವಸಡಿನಾಗ ಕೇಳು" ಅಂದು ಮತ್ತೊಂದು ಕಾಳು ಕೊಟ್ಟ. ಸಂಜೆ ನಾಲ್ಕರವರೆಗೆ ಅಲ್ಲೇ ಕುಳಿತಿದ್ದೆವು. ಹರವಿದ್ದ ಬೇರೆ ಬೇರೆ ಕಡೆಯಿಂದ ಕಾಳು ತಂದು ಕೊಟ್ಟೆ, ನೆರಳು ಬಿದ್ದ ಮೂಲೆಯದು ಬಂದಾಗ ಮುಖ ಸಿಂಡರಿಸಿದ. ಆ ಮೂಲೆಯದನ್ನು ನಾಳೆ ಬಿಸಿಲಿಗೆ ಎಳೆಯಬೇಕು.